ಹಲವು ಒಡೆಯರ ಜಾಲ

ಒಂದೇ ಕಂಪನಿಯ ಹಿಡಿತದಲ್ಲಿರದೆ, ಬೇರೆ ಬೇರೆಯವರು ನಡೆಸುವ ಅನೇಕ ಸರ್ವರುಗಳು ಒಂದು ಸಾಮಾನ್ಯ ನಿಯಮಾವಳಿಗೆ ಒಪ್ಪಿ ಪರಸ್ಪರ ಸಂದೇಶ ಸಾಗಿಸುವ ವ್ಯವಸ್ಥೆಗೆ ವಿಕೇಂದ್ರೀಕೃತ ಸಾಮಾಜಿಕ ಜಾಲ ಎಂದು ಹೆಸರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಯೂಟ್ಯೂಬ್‌ಗಳಲ್ಲಿ ಬರೆದದ್ದು, ಹಾಕಿದ ಫೋಟೊ, ಯಾರು ಯಾರನ್ನು ಫಾಲೋ ಮಾಡುತ್ತಾರೆಂಬ ಪಟ್ಟಿ ಎಲ್ಲವೂ ಒಂದು ಕಂಪನಿಯ ಕಂಪ್ಯೂಟರುಗಳಲ್ಲಿ ಇರುತ್ತವೆ. ಯಾವ ಪೋಸ್ಟ್ ಯಾರ ಕಣ್ಣಿಗೆ ಬೀಳಬೇಕು, ಯಾರ ಖಾತೆ ಮುಚ್ಚಬೇಕು, ಜಾಹೀರಾತನ್ನು ಎಲ್ಲಿ ತೂರಿಸಬೇಕು ಎಂಬುದನ್ನೆಲ್ಲ ಆ ಕಂಪನಿಯೇ ತೀರ್ಮಾನಿಸುತ್ತದೆ. ವಿಕೇಂದ್ರೀಕೃತ ಜಾಲದಲ್ಲೂ ಇಂಥ ತೀರ್ಮಾನಗಳು ತಪ್ಪುವುದಿಲ್ಲ. ಆದರೆ ಅವನ್ನು ತೆಗೆದುಕೊಳ್ಳುವವರು ಸಾವಿರಾರು ಮಂದಿ. ಅವರಲ್ಲಿ ಒಬ್ಬರ ರೀತಿ ಸರಿಬರದಿದ್ದರೆ ಇನ್ನೊಬ್ಬರ ಸರ್ವರಿಗೆ ಹೋಗಬಹುದು, ಹೋದ ಮೇಲೂ ಹಳೆಯ ಗೆಳೆಯರೊಡನೆ ಮಾತು ಮುಂದುವರಿಸಬಹುದು.

ಇಂಟರ್ನೆಟ್‌ಗೆ ಈ ಪದ್ಧತಿ ಹೊಸದೇನಲ್ಲ. ಇಮೇಲ್ ನಡೆಯುತ್ತಿರುವುದೇ ಹೀಗೆ. 1982ರಲ್ಲಿ ಪ್ರಕಟವಾದ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಪಾಲಿಸುವ ಯಾವ ಸರ್ವರ್ ಬೇಕಾದರೂ ಇನ್ನೊಂದಕ್ಕೆ ಅಂಚೆ ಕಳುಹಿಸಬಲ್ಲದು. ಜಿಮೇಲ್ ಖಾತೆಯವರು ಯಾಹೂ ಖಾತೆಯವರಿಗೂ ವಿಶ್ವವಿದ್ಯಾಲಯದ ಸ್ವಂತ ಸರ್ವರಿನಲ್ಲಿರುವ ಪ್ರಾಧ್ಯಾಪಕರಿಗೂ ಯಾರ ಅಪ್ಪಣೆಯೂ ಬೇಡದೆ ಬರೆಯುತ್ತಾರೆ. 2004ರಲ್ಲಿ ಫೇಸ್‌ಬುಕ್, 2006ರಲ್ಲಿ ಟ್ವಿಟರ್ (ಇಂದಿನ ಎಕ್ಸ್) ಬಂದವು. ಅವು ಹಿಡಿದ ದಾರಿ ಬೇರೆ. ಅಲ್ಲಿರುವವರೊಡನೆ ಮಾತಾಡಬೇಕಾದರೆ ಅಲ್ಲೇ ಖಾತೆ ತೆರೆಯಬೇಕು. ಇದಕ್ಕೆ ತಂತ್ರಜ್ಞಾನದ ಅಡ್ಡಿ ಕಾರಣವಲ್ಲ, ವ್ಯಾಪಾರದ ಲೆಕ್ಕಾಚಾರ ಕಾರಣ. ಪರಿಚಿತರು ಎಷ್ಟು ಹೆಚ್ಚು ಸೇರುತ್ತಾರೋ ಆ ಜಾಗ ಬಿಡುವುದು ಅಷ್ಟು ಕಷ್ಟವಾಗುತ್ತದೆ. ಬಿಡಲಾಗದ ಗಿರಾಕಿಯ ಮುಂದೆ ಜಾಹೀರಾತು ಹೆಚ್ಚಿಸಿದರೂ ನಿಯಮ ಬದಲಿಸಿದರೂ ನಡೆಯುತ್ತದೆ.

ಭಾರತದ ಮೊಬೈಲ್ ಗ್ರಾಹಕರಿಗೆ ಇಂಥದೊಂದು ಕಟ್ಟು ಬಿಚ್ಚಿದ ಅನುಭವವಿದೆ. 2011ರ ಜನವರಿಯಲ್ಲಿ, ಹಳೆಯ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ನಂಬರ್ ಪೋರ್ಟಬಿಲಿಟಿ ದೇಶಾದ್ಯಂತ ಜಾರಿಗೆ ಬಂತು. ಅದಕ್ಕೂ ಮುಂಚೆ ಸೇವೆ ಎಷ್ಟೇ ಕೆಟ್ಟದಾಗಿದ್ದರೂ, ನಂಬರು ಬದಲಾದರೆ ನೆಂಟರಿಷ್ಟರಿಗೆಲ್ಲ ತಿಳಿಸುವುದು ಹೇಗೆಂದು ಜನ ಹಳೆಯ ಕಂಪನಿಗೇ ಅಂಟಿಕೊಂಡಿರುತ್ತಿದ್ದರು. ಸಾಮಾಜಿಕ ಜಾಲತಾಣಗಳಲ್ಲಿ ಅಂಥ ಪೋರ್ಟಬಿಲಿಟಿ ಇಲ್ಲ. ತಾಣ ಬಿಟ್ಟವರು ಉಟ್ಟ ಬಟ್ಟೆಯಲ್ಲೇ ಹೊರಬೀಳಬೇಕು. ಬರೆದದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದಾದರೂ ಫಾಲೋವರುಗಳನ್ನು ಕರೆದೊಯ್ಯಲು ಆಗುವುದಿಲ್ಲ.

ತಾಣವೇ ಮುಚ್ಚಿದಾಗ ಈ ಕೊರತೆ ಎದ್ದು ಕಾಣುತ್ತದೆ. ಭಾರತದಲ್ಲಿ ಒಂದು ಪೀಳಿಗೆಯನ್ನೇ ಇಂಟರ್ನೆಟ್‌ಗೆ ಎಳೆದು ತಂದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರಿಗೆ ಬಾಗಿಲು ಹಾಕಿತು. ಮೈಸ್ಪೇಸ್ ಮುಚ್ಚಲಿಲ್ಲ, ಆದರೆ ಸರ್ವರ್ ಬದಲಾವಣೆಯ ಗಡಿಬಿಡಿಯಲ್ಲಿ ಸಂಗೀತಗಾರರು ಹನ್ನೆರಡು ವರ್ಷ ಏರಿಸಿದ್ದ ಹಾಡುಗಳು ಕಳೆದುಹೋದವೆಂದು 2019ರಲ್ಲಿ ಒಪ್ಪಿಕೊಂಡಿತು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಎಂದರೆ ಕೂ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದಾವತ್ಕ ಬೆಂಗಳೂರಿನಲ್ಲಿ ಕಟ್ಟಿದ ಈ ತಾಣ ಮೊದಲು ಕನ್ನಡದಲ್ಲೇ ಶುರುವಾಗಿ ಆಮೇಲೆ ಇತರ ಭಾಷೆಗಳಿಗೆ ಹಬ್ಬಿತು. 2020ರಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿತು. 2021ರ ಆರಂಭದಲ್ಲಿ ರೈತ ಚಳವಳಿಯ ಪೋಸ್ಟ್‌ಗಳ ವಿಚಾರದಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಸಚಿವರು, ಇಲಾಖೆಗಳು ಸಾಲುಸಾಲಾಗಿ ಕೂ ಸೇರಿದರು. ಅದೇ ವರ್ಷ ಟ್ವಿಟರ್ ನಿಷೇಧಿಸಿದ ನೈಜೀರಿಯಾದ ಸರ್ಕಾರವೂ ಅಲ್ಲಿ ಖಾತೆ ತೆರೆಯಿತು. ಭಾರತೀಯ ಭಾಷೆಗಳ ಕೀಲಿಮಣೆ, ಒಂದೇ ಪೋಸ್ಟನ್ನು ಹಲವು ಭಾಷೆಗಳಿಗೆ ಅನುವಾದಿಸುವ ಸೌಲಭ್ಯ ಹೀಗೆ ಕೆಲಸದಲ್ಲಿ ಕಸುಬುದಾರಿಕೆಯೂ ಇತ್ತು. ಆದರೆ ಹೂಡಿಕೆ ಬತ್ತಿತು, ಬೇರೆ ಕಂಪನಿಗಳಿಗೆ ಮಾರುವ ಮಾತುಕತೆ ಮುರಿದುಬಿತ್ತು, 2024ರ ಜುಲೈನಲ್ಲಿ ಕೂ ನಿಂತೇಹೋಯಿತು. ಸ್ವದೇಶಿಯೆಂಬ ಅಭಿಮಾನದಿಂದ ಸೇರಿದವರಿಗೂ ಆರ್ಕುಟ್‌ನವರಿಗೆ ಆದದ್ದೇ ಆಯಿತು. ಒಡೆಯ ಕ್ಯಾಲಿಫೋರ್ನಿಯಾದಲ್ಲಿರಲಿ ಬೆಂಗಳೂರಿನಲ್ಲಿರಲಿ, ಕಟ್ಟಡ ಒಬ್ಬನದೇ ಆಗಿದ್ದರೆ ಬಾಡಿಗೆದಾರರ ಸ್ಥಿತಿ ಒಂದೇ. ಪರ್ಯಾಯ ತಾಣಗಳ ಚರ್ಚೆಯಲ್ಲಿ ಸ್ವದೇಶಿ ಮತ್ತು ವಿಕೇಂದ್ರೀಕೃತ ಎಂಬ ಎರಡು ಗುಣಗಳು ಆಗಾಗ ಕಲಸಿಹೋಗುತ್ತವೆ. ಅವೆರಡಕ್ಕೂ ಸಂಬಂಧವಿಲ್ಲ.

ಗೋಡೆಯಿಲ್ಲದ ಸಾಮಾಜಿಕ ಜಾಲ ಕಟ್ಟುವ ಪ್ರಯತ್ನಗಳು ಟ್ವಿಟರ್ ಹುಟ್ಟಿದ ಎರಡೇ ವರ್ಷಕ್ಕೆ ಶುರುವಾದವು. ಕೆನಡಾದ ಮಾಂಟ್ರಿಯಲ್‌ನಲ್ಲಿ ಇವಾನ್ ಪ್ರೊಡ್ರೊಮೊ 2008ರಲ್ಲಿ ಐಡೆಂಟಿಕಾ ಎಂಬ ಕಿರುಬರಹದ ತಾಣ ತೆರೆದರು. ಅದರ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಂಡು ಉಳಿದವರೊಡನೆ ಜೋಡಿಸಿಕೊಳ್ಳಬಹುದಿತ್ತು. 2010ರಲ್ಲಿ ಬಂದ ಡಯಾಸ್ಪೊರಾ ಹೆಚ್ಚು ಸದ್ದು ಮಾಡಿತು. ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ ಅವರ ಭಾಷಣದಿಂದ ಪ್ರೇರಿತರಾದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಫೇಸ್‌ಬುಕ್‌ಗೆ ಬದಲಿ ಕಟ್ಟುತ್ತೇವೆಂದು ಸಾರ್ವಜನಿಕರಿಂದ 10 ಸಾವಿರ ಡಾಲರ್ ಕೇಳಿದರು. ಬಂದದ್ದು 2 ಲಕ್ಷ ಡಾಲರಿಗೂ ಹೆಚ್ಚು. ಹಣದ ಜತೆ ಬಂದ ನಿರೀಕ್ಷೆಯ ಭಾರ ಆ ಹುಡುಗರಿಗೆ ಹೆಚ್ಚಾಯಿತು. ನಾಲ್ವರಲ್ಲಿ ಒಬ್ಬರಾದ ಇಲ್ಯಾ ಝಿಟೊಮಿರ್ಸ್ಕಿ 2011ರಲ್ಲಿ ತೀರಿಕೊಂಡರು. ಮರುವರ್ಷ ಉಳಿದವರು ಯೋಜನೆಯನ್ನು ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಡಯಾಸ್ಪೊರಾ ಫೇಸ್‌ಬುಕ್ಕನ್ನು ಅಲುಗಾಡಿಸಲಿಲ್ಲ, ಆದರೆ ಇಂಥದೊಂದು ಜಾಲಕ್ಕೆ ಜನರ ಹಸಿವಿದೆ ಎಂಬುದನ್ನು ತೋರಿಸಿತು.

ಆ ಹಸಿವಿಗೆ ಊಟ ಬಡಿಸಿದ್ದು ಮಾಸ್ಟೊಡಾನ್. ಜರ್ಮನಿಯ ಯುವ ಪ್ರೋಗ್ರಾಮರ್ ಯೂಜೆನ್ ರೊಚ್ಕೊ 2016ರಲ್ಲಿ ಇದನ್ನು ಹೊರತಂದರು. ಹಳೆಯ ಪ್ರಯತ್ನಗಳಿಗಿಂತ ನೋಡಲು ಚೆನ್ನಾಗಿತ್ತು, ಬಳಸಲು ಸುಲಭವಾಗಿತ್ತು. 500 ಅಕ್ಷರಗಳ ಪೋಸ್ಟ್, ಬಂದ ಕ್ರಮದಲ್ಲೇ ಕಾಣುವ ಟೈಮ್‌ಲೈನ್, ಜಾಹೀರಾತು ಇಲ್ಲ. 2018ರ ಜನವರಿಯಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಆಕ್ಟಿವಿಟಿಪಬ್ ಎಂಬ ನಿಯಮಾವಳಿಗೆ ಅಧಿಕೃತ ಮುದ್ರೆ ಒತ್ತಿತು. ಅದರ ಕರ್ತೃಗಳಲ್ಲಿ ಕ್ರಿಸ್ಟೀನ್ ಲೆಮ್ಮರ್-ವೆಬ್ಬರ್ ಮತ್ತು ಐಡೆಂಟಿಕಾದ ಅದೇ ಪ್ರೊಡ್ರೊಮೊ ಇದ್ದಾರೆ. ಮಾಸ್ಟೊಡಾನ್ ಈ ನಿಯಮಾವಳಿಯನ್ನು ಮೊದಲೇ ಅಳವಡಿಸಿಕೊಂಡಿತ್ತು.

ಆಕ್ಟಿವಿಟಿಪಬ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದರೆ ಇಡೀ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಅರ್ಥವಾಗುತ್ತವೆ. ಪ್ರತಿ ಖಾತೆಗೂ ಒಂದು ಒಳಪೆಟ್ಟಿಗೆ, ಒಂದು ಹೊರಪೆಟ್ಟಿಗೆ. ಖಾತೆಯ ವಿಳಾಸದಲ್ಲಿ ವ್ಯಕ್ತಿಯ ಹೆಸರಿನ ಜತೆಗೆ ಸರ್ವರಿನ ಹೆಸರೂ ಇರುತ್ತದೆ. ಮೈಸೂರಿನ ಒಬ್ಬರ ಖಾತೆ ಒಂದು ಸರ್ವರಿನಲ್ಲಿ, ಬರ್ಲಿನ್ನಿನ ಒಬ್ಬರದು ಇನ್ನೊಂದರಲ್ಲಿ ಇದೆ ಎಂದುಕೊಳ್ಳಬಹುದು. ಮೈಸೂರಿನವರು ಫಾಲೋ ಗುಂಡಿ ಒತ್ತಿದಾಗ ಅವರ ಸರ್ವರಿನಿಂದ ಬರ್ಲಿನ್ನಿನವರ ಒಳಪೆಟ್ಟಿಗೆಗೆ ಒಂದು ಕೋರಿಕೆ ಹೋಗುತ್ತದೆ. ಆ ಕಡೆಯಿಂದ ಒಪ್ಪಿಗೆ ಬರುತ್ತದೆ. ಅಂದಿನಿಂದ ಬರ್ಲಿನ್ನಿನವರು ಬರೆದದ್ದರ ಒಂದು ಪ್ರತಿ ಮೈಸೂರಿನವರ ಸರ್ವರಿಗೆ ತಾನಾಗಿ ಬಂದು ಬೀಳುತ್ತದೆ. ಲೈಕ್, ಮರುಹಂಚಿಕೆ, ಉತ್ತರ ಎಲ್ಲವೂ ಹೀಗೆಯೇ ಓಡಾಡುವ ಚಿಕ್ಕ ಚಿಕ್ಕ ಸಂದೇಶಗಳು. ನಡುವೆ ಕೇಂದ್ರ ಕಚೇರಿಯೊಂದು ಇಲ್ಲ.

ಪ್ರತಿ ಹೋಗುತ್ತದೆಂಬ ಮಾತನ್ನು ಗಮನಿಸಬೇಕು. ಬರೆದವರು ಪೋಸ್ಟ್ ಅಳಿಸಿದರೆ ಎಲ್ಲ ಸರ್ವರುಗಳಿಗೂ ಅಳಿಸಿ ಎಂಬ ಕೋರಿಕೆ ಹೋಗುತ್ತದೆ, ಆದರೆ ಪಾಲಿಸುವುದು ಬಿಡುವುದು ಆಯಾ ಸರ್ವರಿಗೆ ಬಿಟ್ಟದ್ದು. ಖಾಸಗಿ ಸಂದೇಶಗಳೂ ವಾಟ್ಸಾಪ್‌ನಲ್ಲಿರುವಂತೆ ಬೀಗ ಹಾಕಿ ಹೋಗುವುದಿಲ್ಲ; ಎರಡೂ ಕಡೆಯ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ದೊಡ್ಡ ಕಂಪನಿಯಿಂದ ತಪ್ಪಿಸಿಕೊಂಡದ್ದಕ್ಕೆ ಗೋಪ್ಯತೆ ತಾನಾಗಿ ಸಿಕ್ಕಿತೆಂದು ತಿಳಿದವರು ಮೋಸ ಹೋಗುತ್ತಾರೆ.

ಈ ನಿಯಮಾವಳಿ ಮಾಸ್ಟೊಡಾನ್ ಒಂದರ ಸ್ವತ್ತಲ್ಲ. ಫೋಟೊಗಳಿಗೆ ಪಿಕ್ಸೆಲ್‌ಫೆಡ್, ವಿಡಿಯೊಗಳಿಗೆ ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಘ ರೂಪಿಸಿದ ಪೀರ್‌ಟ್ಯೂಬ್, ಓದಿದ ಪುಸ್ತಕಗಳ ಟಿಪ್ಪಣಿಗೆ ಬುಕ್‌ವರ್ಮ್, ರೆಡಿಟ್ ಮಾದರಿಯ ಚರ್ಚೆಗೆ ಲೆಮ್ಮಿ ಇವೆ. ಎಲ್ಲವೂ ಆಕ್ಟಿವಿಟಿಪಬ್ ಬಳಸುವುದರಿಂದ ಮಾಸ್ಟೊಡಾನ್‌ನಲ್ಲಿ ಕುಳಿತೇ ಪೀರ್‌ಟ್ಯೂಬ್‌ನ ವಿಡಿಯೊಗೆ ಕಾಮೆಂಟ್ ಹಾಕಬಹುದು. ಯೂಟ್ಯೂಬ್ ಚಾನೆಲ್ಲನ್ನು ಇನ್‌ಸ್ಟಾಗ್ರಾಂ ಖಾತೆಯಿಂದ ಫಾಲೋ ಮಾಡಲು ಆಗುವಂತಿದ್ದರೆ ಹೇಗಿರುತ್ತಿತ್ತೋ ಹಾಗೆ. ಈ ಇಡೀ ಸಮೂಹವನ್ನು ಬಳಕೆದಾರರು ಫೆಡಿವರ್ಸ್ ಎನ್ನುತ್ತಾರೆ.

ಭಾರತೀಯರು ಮಾಸ್ಟೊಡಾನ್ ಕಡೆ ದೊಡ್ಡ ಸಂಖ್ಯೆಯಲ್ಲಿ ಮುಖ ಮಾಡಿದ್ದು 2019ರ ನವೆಂಬರ್‌ನಲ್ಲಿ. ನಾಜಿ ಸೆಲ್ಯೂಟ್ ಹೊಡೆಯದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನ ಪ್ರಸಿದ್ಧ ಚಿತ್ರವನ್ನು ತಮ್ಮ ಪುಟದಲ್ಲಿ ಹಾಕಿಕೊಂಡಿದ್ದ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತ್ತು. ಪ್ರತಿಭಟನೆಯಾಗಿ ಪತ್ರಕರ್ತರು, ಬರಹಗಾರರು, ವಿದ್ಯಾರ್ಥಿಗಳು ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು. ಅವರಲ್ಲಿ ಬಹುತೇಕರು ಕೆಲವೇ ತಿಂಗಳಲ್ಲಿ ಟ್ವಿಟರ್‌ಗೆ ಹಿಂದಿರುಗಿದರು. ಓದುಗರು ಇನ್ನೂ ಅಲ್ಲೇ ಇದ್ದರಲ್ಲ!

ನಿಜವಾದ ವಲಸೆ ನಡೆದದ್ದು ಮೂರು ವರ್ಷಗಳ ಬಳಿಕ. 2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು, ನಿಯಮಗಳು ವಾರಕ್ಕೊಮ್ಮೆ ಬದಲಾದವು. ಅಕ್ಟೋಬರಿನಲ್ಲಿ ಸುಮಾರು 3 ಲಕ್ಷವಿದ್ದ ಮಾಸ್ಟೊಡಾನ್‌ನ ತಿಂಗಳ ಸಕ್ರಿಯ ಬಳಕೆದಾರರು ನವೆಂಬರ್ ಮುಗಿಯುವ ಹೊತ್ತಿಗೆ 25 ಲಕ್ಷ ಮುಟ್ಟಿದರು. ಡಿಸೆಂಬರಿನಲ್ಲಿ ಟ್ವಿಟರ್ ಮಾಸ್ಟೊಡಾನ್‌ನ ಕೊಂಡಿಗಳನ್ನೇ ತಡೆಯಿತು. ಟೀಕೆ ಬಂದ ಮೇಲೆ ಹಿಂದೆ ಸರಿಯಿತು. ಹೊರಹೋಗುವ ದಾರಿಗೆ ಬೇಲಿ ಹಾಕಿದ ಆ ಒಂದು ಕ್ರಮ ವಿಕೇಂದ್ರೀಕರಣದ ಪರವಾಗಿ ಬರೆದ ಯಾವ ಲೇಖನಕ್ಕಿಂತಲೂ ಪರಿಣಾಮಕಾರಿಯಾಗಿತ್ತು.

ಬಂದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಸಕ್ರಿಯ ಬಳಕೆದಾರರ ಸಂಖ್ಯೆ ಮುಂದಿನ ವರ್ಷಗಳಲ್ಲಿ 10 ಲಕ್ಷದ ಆಸುಪಾಸಿಗೆ ಇಳಿಯಿತು. ಮೊದಲ ಮೆಟ್ಟಿಲಲ್ಲೇ ಯಾವ ಸರ್ವರ್ ಆರಿಸುತ್ತೀರಿ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಏನೂ ಗೊತ್ತಿಲ್ಲದ ಹೊಸಬರಿಗೆ ಅದಕ್ಕೆ ಉತ್ತರ ಎಲ್ಲಿಂದ ಬರಬೇಕು? ಪರಿಚಿತರನ್ನು ಹುಡುಕುವುದು ಕಷ್ಟವಾಗಿತ್ತು. ಇನ್ನೊಬ್ಬರ ಪೋಸ್ಟನ್ನು ಉಲ್ಲೇಖಿಸಿ ಬರೆಯುವ ಸೌಲಭ್ಯವನ್ನು ಜಗಳಕ್ಕೆ ದಾರಿಯಾಗುತ್ತದೆಂದು ರೊಚ್ಕೊ ಬಹುಕಾಲ ಕೊಟ್ಟಿರಲಿಲ್ಲ. ಅದು ಬಂದದ್ದು 2025ರಲ್ಲಿ. ಹಳೆಯ ನಿವಾಸಿಗಳು ಹೊಸಬರಿಗೆ ಇಲ್ಲಿ ಹೀಗೆ ಬರೆಯಬಾರದು, ಹಾಗೆ ಬರೆಯಬಾರದು ಎಂದು ಪಾಠ ಹೇಳಿದ್ದೂ ಉಂಟು.

ವಿಕೇಂದ್ರೀಕೃತ ಜಾಲದಲ್ಲಿ ಹೇಳುವವರು ಕೇಳುವವರು ಇಲ್ಲ, ಯಾರು ಏನು ಬೇಕಾದರೂ ಬರೆಯಬಹುದೆಂಬ ಕಲ್ಪನೆ ವ್ಯಾಪಕವಾಗಿದೆ. ವಾಸ್ತವ ಸ್ವಲ್ಪ ಬೇರೆ. ಪ್ರತಿ ಸರ್ವರಿಗೂ ಅದರದೇ ನಿಯಮ, ಅದರದೇ ಮಾಡರೇಟರುಗಳು. ಒಂದು ಸರ್ವರಿನವರು ಇನ್ನೊಂದರ ನಡವಳಿಕೆ ಸರಿಕಾಣದಿದ್ದರೆ ಅದರೊಡನೆ ಸಂಪರ್ಕವನ್ನೇ ಕಡಿದುಕೊಳ್ಳಬಹುದು. 2019ರಲ್ಲಿ ಅಮೆರಿಕದ ತೀವ್ರ ಬಲಪಂಥೀಯರ ತಾಣ ಗ್ಯಾಬ್, ಮಾಸ್ಟೊಡಾನ್‌ನ ತಂತ್ರಾಂಶವನ್ನು ಹಾಕಿಕೊಂಡು ಫೆಡಿವರ್ಸ್‌ಗೆ ಕಾಲಿಟ್ಟಿತು. ಮುಕ್ತ ತಂತ್ರಾಂಶವಾದ್ದರಿಂದ ಅದನ್ನು ಬಳಸಬೇಡಿ ಎನ್ನುವ ಹಕ್ಕು ರೊಚ್ಕೊ ಅವರಿಗೂ ಇರಲಿಲ್ಲ. ಆದರೆ ಬಹುಪಾಲು ಸರ್ವರುಗಳು ಗ್ಯಾಬನ್ನು ತಡೆದವು, ಅನೇಕ ಮೊಬೈಲ್ ಆ್ಯಪ್‌ಗಳೂ ಬಾಗಿಲು ಮುಚ್ಚಿದವು. ಅದು ತನ್ನ ಮೂಲೆಯಲ್ಲಿ ಒಂಟಿಯಾಗಿ ಉಳಿಯಿತು. ಡೊನಾಲ್ಡ್ ಟ್ರಂಪ್ ಅವರ ಟ್ರುತ್ ಸೋಷಿಯಲ್ ಕೂಡ 2021ರಲ್ಲಿ ಇದೇ ತಂತ್ರಾಂಶವನ್ನು ಎತ್ತಿಕೊಂಡಿತ್ತು. ಮಾರ್ಪಡಿಸಿದ ಸೋರ್ಸ್ ಕೋಡನ್ನು ಬಹಿರಂಗಪಡಿಸಬೇಕೆಂಬ ಲೈಸೆನ್ಸಿನ ಷರತ್ತನ್ನು ಮಾಸ್ಟೊಡಾನ್ ನೆನಪಿಸಿದ ಮೇಲೆ ಕೋಡ್ ಪ್ರಕಟಿಸಿತು.

ಈ ವ್ಯವಸ್ಥೆಗೆ ಕತ್ತಲ ಬದಿಯೂ ಇದೆ. ಒಂದು ಸರ್ವರ್ ಇನ್ನೊಂದನ್ನು ತಡೆದರೆ ತನ್ನ ಬಳಕೆದಾರರಿಗೆ ಅದು ಕಾಣದಂತೆ ಮಾಡಬಹುದೇ ಹೊರತು ಅದನ್ನು ಮುಚ್ಚಿಸಲಾರದು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಮಾಸ್ಟೊಡಾನ್ ಸರ್ವರುಗಳ ಪೋಸ್ಟ್‌ಗಳನ್ನು ಎರಡು ದಿನ ಪರಿಶೀಲಿಸಿ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳೆಂದು ಮೊದಲೇ ಗುರುತಾಗಿದ್ದ 112 ಪ್ರಕರಣಗಳನ್ನು ಪತ್ತೆಹಚ್ಚಿದರು. ಇಂಥ ಚಿತ್ರಗಳನ್ನು ತಾನಾಗಿ ಹಿಡಿಯುವ ಸಾಧನಗಳಿಗೆ ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿಯುತ್ತವೆ. ಬಿಡುವಿನ ವೇಳೆಯಲ್ಲಿ, ಕೈಯಿಂದ ಹಣ ಹಾಕಿ ಸರ್ವರ್ ನಡೆಸುವ ಒಬ್ಬ ಸ್ವಯಂಸೇವಕನಿಗೆ ಆ ಸಾಧನವೂ ಇಲ್ಲ, ದಿನವಿಡೀ ಹೊಲಸು ನೋಡಿ ಅಳಿಸುವ ಮನೋಬಲವೂ ಎಷ್ಟು ಕಾಲ ಇದ್ದೀತು?

ಅಂಥವರು ಬೇಸತ್ತರೆ ಸರ್ವರ್ ಮುಚ್ಚುತ್ತದೆ. ಸಾವಿರಾರು ಬಳಕೆದಾರರಿದ್ದ ಮಾಸ್ಟೊಡಾನ್ ಡಾಟ್ ಲೋಲ್ ಎಂಬ ಸರ್ವರನ್ನು ಅದರ ನಿರ್ವಾಹಕ ಜಗಳ, ಬೆದರಿಕೆಗಳಿಂದ ರೋಸಿ 2023ರಲ್ಲಿ ನಿಲ್ಲಿಸಿದರು. ಇನ್ನೊಂದು ಪ್ರಕರಣ ಇನ್ನೂ ವಿಚಿತ್ರ. ಕ್ವಿಯರ್ ಡಾಟ್ ಎಎಫ್ ಎಂಬುದು ಲೈಂಗಿಕ ಅಲ್ಪಸಂಖ್ಯಾತರ ಸರ್ವರ್. ಎಎಫ್ ಎಂಬ ಬಾಲಂಗೋಚಿ ಕಿವಿಗೆ ಚೆನ್ನಾಗಿದೆಯೆಂದು ಆರಿಸಿಕೊಂಡಿದ್ದರು, ಆದರೆ ಅದು ಅಫ್ಘಾನಿಸ್ತಾನಕ್ಕೆ ಸೇರಿದ ಡೊಮೇನ್. 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತ ಆ ಹೆಸರನ್ನು ರದ್ದು ಮಾಡಿತು. ಇಂಟರ್ನೆಟ್‌ನ ಕೆಳಮಹಡಿಗಳಲ್ಲಿ ಕೇಂದ್ರಗಳು ಇನ್ನೂ ಇವೆ ಎಂಬುದನ್ನು ಈ ಘಟನೆ ಚೆನ್ನಾಗಿ ತೋರಿಸಿತು. ಮಾಸ್ಟೊಡಾನ್‌ನಲ್ಲಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಖಾತೆ ಸ್ಥಳಾಂತರಿಸಿದರೆ ಫಾಲೋವರುಗಳು ಜತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಸರ್ವರ್ ಮುನ್ಸೂಚನೆಯಿಲ್ಲದೆ ಸತ್ತುಹೋದರೆ ಫಾಲೋವರುಗಳೂ ಇಲ್ಲ.

ಬ್ಲೂಸ್ಕೈ ಈ ಕೊರತೆಯನ್ನೇ ಹಿಡಿದು ಹೊರಟಿತು. ವಿಶೇಷವೆಂದರೆ ಇದು ಹುಟ್ಟಿದ್ದು ಟ್ವಿಟರ್‌ನ ಒಡಲಲ್ಲೇ. ಟ್ವಿಟರ್‌ನ ಅಂದಿನ ಮುಖ್ಯಸ್ಥ ಜಾಕ್ ಡಾರ್ಸಿ 2019ರ ಡಿಸೆಂಬರಿನಲ್ಲಿ, ಸಾಮಾಜಿಕ ಜಾಲಕ್ಕೆ ಮುಕ್ತ ಮಾನದಂಡ ರೂಪಿಸಲು ಸಣ್ಣ ತಂಡಕ್ಕೆ ಹಣ ಕೊಡುವುದಾಗಿ ಪ್ರಕಟಿಸಿದರು. 2021ರಲ್ಲಿ ಜೇ ಗ್ರೇಬರ್ ಅದರ ಮುಖ್ಯಸ್ಥೆಯಾದರು, ತಂಡ ಸ್ವತಂತ್ರ ಕಂಪನಿಯಾಯಿತು. ಒಂದು ವರ್ಷದ ಬಳಿಕ ಟ್ವಿಟರ್ ಕೈಬದಲಾದುದನ್ನು ನೋಡಿದರೆ ಆ ಬೇರ್ಪಡೆ ಅದರ ಪಾಲಿಗೆ ಅದೃಷ್ಟವೇ ಸರಿ. ಆಹ್ವಾನವಿದ್ದವರಿಗೆ ಮಾತ್ರ ಇದ್ದ ಪ್ರವೇಶ 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆಯಿತು. ಅದೇ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್‌ನ ಸುಪ್ರೀಂ ಕೋರ್ಟು ಎಕ್ಸ್ ಅನ್ನು ನಿರ್ಬಂಧಿಸಿದಾಗ ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಬಂದು ಸೇರಿದರು. ನವೆಂಬರಿನ ಅಮೆರಿಕ ಚುನಾವಣೆಯ ನಂತರ ಬಳಕೆದಾರರ ಸಂಖ್ಯೆ 2 ಕೋಟಿ ದಾಟಿತು. 2025ರ ಆರಂಭಕ್ಕೆ 3 ಕೋಟಿ.

ಬ್ಲೂಸ್ಕೈ ಆಕ್ಟಿವಿಟಿಪಬ್ ಬಳಸದೆ ಎಟಿ ಪ್ರೊಟೊಕಾಲ್ ಎಂಬ ತನ್ನದೇ ನಿಯಮಾವಳಿಯನ್ನು ರೂಪಿಸಿಕೊಂಡಿತು. ಇದರಲ್ಲಿ ಕೆಲಸಗಳು ಮೂರು ಪದರಗಳಾಗಿ ಒಡೆದಿವೆ. ಬಳಕೆದಾರರ ಪೋಸ್ಟ್, ಲೈಕ್, ಫಾಲೋಗಳ ದಾಖಲೆ ಅವರವರ ದತ್ತಾಂಶ ಸರ್ವರಿನಲ್ಲಿ ಇರುತ್ತದೆ. ರಿಲೇ ಎಂಬ ದೊಡ್ಡ ಸರ್ವರ್ ಅಂಥ ಎಲ್ಲ ಸರ್ವರುಗಳಿಂದ ಹೊಸತನ್ನೆಲ್ಲ ಸಂಗ್ರಹಿಸಿ ಒಂದೇ ಪ್ರವಾಹವಾಗಿ ಹರಿಸುತ್ತದೆ. ಮೂರನೆಯ ಪದರ ಅದನ್ನು ಆರಿಸಿ ಜೋಡಿಸಿ ಪರದೆಯ ಮೇಲೆ ತೋರಿಸುತ್ತದೆ. ಖಾತೆಯ ಗುರುತು ಯಾವ ಸರ್ವರಿನ ಹೆಸರಿಗೂ ಕಟ್ಟುಬಿದ್ದಿಲ್ಲ. ಹೀಗಾಗಿ ದತ್ತಾಂಶ ಸರ್ವರ್ ಬದಲಿಸಿದರೆ ಹಳೆಯ ಪೋಸ್ಟ್‌ಗಳೂ ಫಾಲೋವರುಗಳೂ ಒಟ್ಟಿಗೆ ಬರುತ್ತಾರೆ. ಸ್ವಂತ ವೆಬ್‌ಸೈಟಿನ ವಿಳಾಸವನ್ನೇ ಬಳಕೆದಾರರ ಹೆಸರಾಗಿ ಇಟ್ಟುಕೊಳ್ಳಬಹುದಾದ್ದರಿಂದ ಪತ್ರಿಕೆಗಳು, ವಿಶ್ವವಿದ್ಯಾಲಯಗಳು ನೀಲಿ ಟಿಕ್ಕಿಗೆ ಕಾಸು ಕೊಡದೆ ತಮ್ಮ ಗುರುತು ಸಾಬೀತು ಮಾಡಿಕೊಳ್ಳಬಲ್ಲವು. ಯಾವ ಪೋಸ್ಟ್ ಮೊದಲು ಕಾಣಬೇಕೆಂಬ ಆಯ್ಕೆಯೂ ಕಂಪನಿಯೊಂದರ ಕೈಯಲ್ಲಿಲ್ಲ. ಹೊರಗಿನವರು ತಯಾರಿಸಿದ ಸಾವಿರಾರು ಫೀಡ್‌ಗಳಲ್ಲಿ ಬೇಕಾದದ್ದನ್ನು ಹಾಕಿಕೊಳ್ಳಬಹುದು.

ಇಷ್ಟಾದರೂ ಬ್ಲೂಸ್ಕೈ ಎಷ್ಟರಮಟ್ಟಿಗೆ ವಿಕೇಂದ್ರೀಕೃತ ಎಂಬ ವಾದ ನಿಂತಿಲ್ಲ. ಬಳಕೆದಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇರುವುದು ಆ ಕಂಪನಿಯ ಸರ್ವರುಗಳಲ್ಲೇ. ಆಕ್ಟಿವಿಟಿಪಬ್ ರೂಪಿಸಿದ ಲೆಮ್ಮರ್-ವೆಬ್ಬರ್ 2024ರ ನವೆಂಬರಿನಲ್ಲಿ ಬರೆದ ದೀರ್ಘ ವಿಶ್ಲೇಷಣೆಯ ತಿರುಳು ಇದು: ಇಡೀ ಜಾಲದ ಎಲ್ಲ ಪೋಸ್ಟ್‌ಗಳನ್ನು ಒಂದೆಡೆ ರಾಶಿ ಹಾಕುವ ಈ ವಿನ್ಯಾಸದಲ್ಲಿ ಜಾಲ ಬೆಳೆದಷ್ಟೂ ಪೂರ್ಣ ವ್ಯವಸ್ಥೆ ನಡೆಸುವ ಖರ್ಚು ಬೆಳೆಯುತ್ತದೆ, ಹಾಗಾಗಿ ಅದನ್ನು ನಡೆಸಬಲ್ಲವರು ಕಡಿಮೆಯಾಗುತ್ತಾರೆ, ಬ್ಲೂಸ್ಕೈ ನಿಜಕ್ಕೂ ಕೊಡುವುದು ಕಂಪನಿ ಕೆಟ್ಟರೆ ಹೊರನಡೆಯುವ ಅವಕಾಶವನ್ನು. ವಾದ ತೂಕದ್ದೇ, ಆದರೆ ಆ ಅವಕಾಶವೂ ಸಣ್ಣದಲ್ಲ. 2025ರಲ್ಲಿ ತುರ್ಕಿ ಸರ್ಕಾರದ ಬೇಡಿಕೆಯಂತೆ ಬ್ಲೂಸ್ಕೈ ಕೆಲವು ಖಾತೆಗಳನ್ನು ಆ ದೇಶದಲ್ಲಿ ಕಾಣದಂತೆ ಮಾಡಿತು. ಅದೇ ಜಾಲ ಬಳಸುವ ಬೇರೆಯವರ ಆ್ಯಪ್‌ಗಳಲ್ಲಿ ಆ ಖಾತೆಗಳನ್ನು ಓದುವ ದಾರಿ ತೆರೆದೇ ಇತ್ತು. ಎಕ್ಸ್‌ನಲ್ಲಾಗಲಿ ಇನ್‌ಸ್ಟಾಗ್ರಾಂನಲ್ಲಾಗಲಿ ಅಂಥ ಎರಡನೆಯ ಬಾಗಿಲು ಇಲ್ಲ.

ಮಾಸ್ಟೊಡಾನ್, ಬ್ಲೂಸ್ಕೈ ಎರಡಕ್ಕಿಂತಲೂ ತೀವ್ರವಾದದ್ದು 2020ರಲ್ಲಿ ಶುರುವಾದ ನೋಸ್ಟರ್. ಅಲ್ಲಿ ಖಾತೆಯೆಂಬುದೇ ಇಲ್ಲ, ಒಂದು ಜೋಡಿ ಗೂಢಲಿಪಿ ಕೀಲಿಗಳು ಮಾತ್ರ. ಗುಪ್ತ ಕೀಲಿಯಿಂದ ಸಹಿ ಮಾಡಿದ ಬರಹವನ್ನು ಎಷ್ಟು ರಿಲೇಗಳಿಗೆ ಬೇಕಾದರೂ ಕಳುಹಿಸಬಹುದು. ಯಾರೂ ಯಾರನ್ನೂ ಹೊರಹಾಕಲಾರರು. ಕೀಲಿ ಕಳೆದರೆ ಮಾತ್ರ ಪಾಸ್‌ವರ್ಡ್ ಬದಲಿಸಿಕೊಡುವವರು ಯಾರೂ ಇಲ್ಲ. ಬ್ಲೂಸ್ಕೈ ಆಡಳಿತ ಮಂಡಳಿ ಬಿಟ್ಟ ಡಾರ್ಸಿ ಈಗ ಇದರ ಬೆಂಬಲಿಗರು.

ದೊಡ್ಡ ಕಂಪನಿಗಳೂ ಸುಮ್ಮನೆ ಕುಳಿತಿಲ್ಲ. ಮೆಟಾ 2023ರ ಜುಲೈನಲ್ಲಿ ತಂದ ಥ್ರೆಡ್ಸ್ ಐದೇ ದಿನಗಳಲ್ಲಿ 10 ಕೋಟಿ ಖಾತೆ ಕಂಡಿತು. ಆಕ್ಟಿವಿಟಿಪಬ್ ಅಳವಡಿಸಿಕೊಳ್ಳುವುದಾಗಿ ಹೇಳಿ, ಅದೇ ಡಿಸೆಂಬರಿನಲ್ಲಿ ಪ್ರಯೋಗ ಆರಂಭಿಸಿತು. ಬಳಕೆದಾರರು ಒಪ್ಪಿದರೆ ಅವರ ಥ್ರೆಡ್ಸ್ ಪೋಸ್ಟ್‌ಗಳು ಮಾಸ್ಟೊಡಾನ್‌ನಲ್ಲೂ ಕಾಣುತ್ತವೆ. ಫೆಡಿವರ್ಸ್ ಇದರಿಂದ ಇಬ್ಭಾಗವಾಯಿತು. ಕೋಟ್ಯಂತರ ಜನ ಒಮ್ಮೆಲೇ ಸಂಪರ್ಕಕ್ಕೆ ಬರುತ್ತಾರೆಂದು ಒಂದು ಗುಂಪು ಸ್ವಾಗತಿಸಿತು. ಆನೆ ಮನೆಯೊಳಗೆ ಬಂದ ಮೇಲೆ ಮನೆ ಆನೆಯದೇ ಎಂದು ಇನ್ನೊಂದು ಗುಂಪು ಥ್ರೆಡ್ಸನ್ನು ಮೊದಲೇ ತಡೆಯುವ ಪ್ರತಿಜ್ಞೆ ಮಾಡಿತು. ಥ್ರೆಡ್ಸ್ ಬಾಗಿಲನ್ನು ಅರ್ಧವೇ ತೆರೆದದ್ದರಿಂದ ಇಬ್ಬರ ಮಾತೂ ಪರೀಕ್ಷೆಗೆ ಒಳಗಾಗಿಲ್ಲ.

ಸರ್ಕಾರಗಳಲ್ಲಿ ಯುರೋಪಿನವು ವಿಕೇಂದ್ರೀಕೃತ ಜಾಲಗಳಲ್ಲಿ ಹೆಚ್ಚು ಆಸಕ್ತಿ ತೋರಿವೆ. ಜರ್ಮನಿಯ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ, ನೆದರ್ಲೆಂಡ್ಸ್ ಸರ್ಕಾರಕ್ಕೆ ಸ್ವಂತ ಮಾಸ್ಟೊಡಾನ್ ಸರ್ವರುಗಳಿವೆ. ಇಲಾಖೆಯ ಪ್ರಕಟಣೆ ಓದಲು ಪ್ರಜೆಗಳು ವಿದೇಶಿ ಕಂಪನಿಯಲ್ಲಿ ಖಾತೆ ತೆರೆಯಬೇಕಾಗಿ ಬರುವುದು ಸರಿಯಲ್ಲ ಎಂಬ ವಿಚಾರ ಇದರ ಹಿಂದಿದೆ. ಐರೋಪ್ಯ ಒಕ್ಕೂಟದ ಸಂಸ್ಥೆಗಳಿಗಾಗಿ 2022ರಲ್ಲಿ ತೆರೆದ ಪ್ರಾಯೋಗಿಕ ಸರ್ವರ್ ಮಾತ್ರ, ವಹಿಸಿಕೊಳ್ಳುವವರಿಲ್ಲದೆ 2024ರಲ್ಲಿ ನಿಂತಿತು.

ಭಾರತದಲ್ಲಿ ಕಾನೂನಿನ ಸ್ಥಿತಿ ಕುತೂಹಲಕರವಾಗಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ತಾಣಗಳು ದೇಶದಲ್ಲೇ ಅನುಪಾಲನಾ ಅಧಿಕಾರಿಯನ್ನು ನೇಮಿಸಬೇಕು. ಬಿಡಿ ಬಿಡಿ ಸರ್ವರುಗಳು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ, ಆದರೆ ದೂರು ಆಲಿಸುವ ಅಧಿಕಾರಿಯನ್ನು ನೇಮಿಸುವ ಹೊಣೆ ಚಿಕ್ಕ ತಾಣಗಳಿಗೂ ಇದೆ. ಪೋಸ್ಟ್ ಮತ್ತು ಖಾತೆ ತಡೆಯುವ ಸರ್ಕಾರಿ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. 2023ರ ಜೂನ್‌ನಲ್ಲಿ ನ್ಯಾಯಾಲಯ 50 ಲಕ್ಷ ರೂಪಾಯಿ ದಂಡ ವಿಧಿಸಿ ಅರ್ಜಿ ವಜಾ ಮಾಡಿತು. ಪೋಸ್ಟ್ ತೆಗೆದುಹಾಕುವಂತೆ ತಾಣಗಳಿಗೆ ಸೂಚನೆ ಕಳುಹಿಸಲು ಸರ್ಕಾರ ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಸಲ್ಲಿಸಿದ ಅರ್ಜಿಯೂ 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಕಂಪನಿ ಒಂದಿದ್ದರೆ ಆದೇಶ ಕಳುಹಿಸಲು ವಿಳಾಸವೂ ಒಂದು, ವ್ಯಾಜ್ಯ ಹೂಡಲು ವಕೀಲರ ಪಡೆಯೂ ಒಂದು. ಮನೆಯ ಕೋಣೆಯಿಂದ ಸರ್ವರ್ ನಡೆಸುವವನನ್ನು ಹುಡುಕುವುದು ಸರ್ಕಾರಕ್ಕೆ ಕಷ್ಟ. ಸಿಕ್ಕಿಬಿದ್ದರೆ ನೋಟಿಸಿಗೆ ಉತ್ತರ ಕೊಡುವುದು ಅವನಿಗೆ ಅದಕ್ಕಿಂತ ಕಷ್ಟ.

ಉಳಿದಿರುವುದು ದುಡ್ಡಿನ ಪ್ರಶ್ನೆ. ಜಾಹೀರಾತು ಬೇಡವೆಂದ ಮೇಲೆ ಸರ್ವರಿನ ಬಾಡಿಗೆ, ಮಾಡರೇಟರುಗಳ ಶ್ರಮ ಯಾರ ತಲೆಗೆ? ಮಾಸ್ಟೊಡಾನ್ ಬದುಕಿರುವುದು ದೇಣಿಗೆಯಿಂದ. ಬ್ಲೂಸ್ಕೈಗೆ ಹೂಡಿಕೆದಾರರ ಹಣವಿದೆ, ಅದಕ್ಕೆ ಲಾಭದ ನಿರೀಕ್ಷೆಯೂ ಇದ್ದೇ ಇರುತ್ತದೆ. ಸಣ್ಣ ಸರ್ವರುಗಳಲ್ಲಿ ಚೆನ್ನಾಗಿ ನಡೆಯುತ್ತಿರುವವು ಸದಸ್ಯರು ವಂತಿಗೆ ಹಾಕಿ, ಸಭೆ ಸೇರಿ, ನಿಯಮ ಮಾಡಿಕೊಂಡವು. ಸಹಕಾರ ಸಂಘಗಳನ್ನು ಕಟ್ಟಿ, ಉಳಿಸಿ, ಕೆಲವೊಮ್ಮೆ ಕೆಡಿಸಿಯೂ ಗೊತ್ತಿರುವ ಕರ್ನಾಟಕಕ್ಕೆ ಈ ಮಾದರಿ ಅಪರಿಚಿತವಲ್ಲ. ವಿಶ್ವವಿದ್ಯಾಲಯ, ಸಾಹಿತ್ಯ ಸಂಸ್ಥೆ, ಪತ್ರಿಕಾ ಸಂಸ್ಥೆಗಳು ಮನಸ್ಸು ಮಾಡಿದರೆ ಕನ್ನಡದ ಸರ್ವರ್ ನಡೆಸುವುದು ಖರ್ಚಿನ ದೃಷ್ಟಿಯಿಂದ ದೊಡ್ಡ ಕೆಲಸವಲ್ಲ. ಅದನ್ನು ದಿನವೂ ನೋಡಿಕೊಳ್ಳುವ ಜನ ಸಿಗುವುದೇ ಕಷ್ಟ.

ಹೊಸ ಸರ್ವರಿಗಾಗಿ ಕಾಯಬೇಕೆಂದೂ ಇಲ್ಲ. ಫೇಸ್‌ಬುಕ್ ಬರುವ ಮುನ್ನ ಕನ್ನಡದ ಇಂಟರ್ನೆಟ್ ಬರವಣಿಗೆ ಬೆಳೆದದ್ದು ಬ್ಲಾಗುಗಳಲ್ಲಿ. ಅವುಗಳಲ್ಲಿ ಅನೇಕವು ವರ್ಡ್‌ಪ್ರೆಸ್‌ನಲ್ಲಿ ಇನ್ನೂ ಇವೆ, ಬರೆಯುವವರು ಮಾತ್ರ ಬೇರೆಡೆ ಹೋಗಿದ್ದಾರೆ. ಈಗ ಆ ಹಳೆಯ ಬ್ಲಾಗೇ ಫೆಡಿವರ್ಸ್‌ನ ಒಂದು ಖಾತೆಯಾಗಬಲ್ಲದು: ಅಲ್ಲಿ ಪ್ರಕಟಿಸಿದ್ದು ಮಾಸ್ಟೊಡಾನ್‌ನ ಫಾಲೋವರುಗಳಿಗೆ ನೇರವಾಗಿ ತಲುಪುತ್ತದೆ, ಅವರ ಉತ್ತರಗಳು ಬ್ಲಾಗಿನ ಕೆಳಗೆ ಕಾಮೆಂಟುಗಳಾಗಿ ಬಂದು ಸೇರುತ್ತವೆ. ಸ್ವಂತ ವೆಬ್‌ಸೈಟ್ ಇರುವವರು ಆಕ್ಟಿವಿಟಿಪಬ್ ಪ್ಲಗಿನ್ ಹಾಕಿಕೊಳ್ಳಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿರುವವರು ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿದರೆ ಸಾಕು. 2023ರ ಅಕ್ಟೋಬರಿನಿಂದ ಈ ಸೌಲಭ್ಯ ಉಚಿತ ಖಾತೆಗಳಿಗೂ ಇದೆ.